ಬರೆಯೋದನ್ನು ಕಲಿಸಬಹುದಾ? ಬ್ಲಾಗ್ ಯಾವಾಗ ಶುರು ಮಾಡಿಸಬೇಕು?

ಪ್ರಶ್ನೆ: ನಾನು ಇಪ್ಪತ್ತು ವರ್ಷದಿಂದ ಭಾಷೆ ಕಲಿಸುವ ಶಿಕ್ಷಕಿ. ವ್ಯಾಕರಣ, ಪ್ರಬಂಧ, ಪತ್ರಲೇಖನ ಎಲ್ಲ ಕಲಿಸಿದ್ದೇನೆ. ಈಗ ಒಂದು ಗ್ರಂಥಾಲಯದವರು ವಾರಕ್ಕೊಮ್ಮೆ ಸೃಜನಶೀಲ ಬರವಣಿಗೆಯ ತರಗತಿ ನಡೆಸಿಕೊಡಿ ಎಂದು ಕೇಳಿದ್ದಾರೆ. ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ಹದಿನಾರರ ಹುಡುಗಿಯಿಂದ ಹಿಡಿದು ನಿವೃತ್ತರವರೆಗೆ ಇದ್ದಾರೆ. ಎಲ್ಲರಿಗೂ ಬ್ಲಾಗ್ ಬರೆಯುವ ಆಸೆ. ನಾನು ಕಥೆ ಬರೆದವಳಲ್ಲ, ಬ್ಲಾಗ್ ಅಂತೂ ತೆರೆದೇ ಇಲ್ಲ. ಬರೆಯೋದನ್ನು ನಿಜಕ್ಕೂ ಕಲಿಸಲು ಆಗುತ್ತಾ? ಯಾರ ಮನಸ್ಸೂ ಮುದುಡದ ಹಾಗೆ ತಿದ್ದೋದು ಹೇಗೆ? ಬ್ಲಾಗ್ ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಕಲಿಸಬಹುದು. ಕಲ್ಪನೆಯನ್ನು ಯಾರೂ ಯಾರಿಗೂ ಕಲಿಸಲಾರರು. ಹೇಳಲೇಬೇಕು ಅನ್ನುವ ತುಡಿತವನ್ನೂ ನಾವು ಕೊಡಲಾರೆವು. ಅದನ್ನು ಹೊತ್ತುಕೊಂಡೇ ಆ ಹನ್ನೆರಡು ಜನ ಬರುತ್ತಾರೆ. ಇಲ್ಲದಿದ್ದರೆ ರಜೆಯ ದಿನ ಮನೆ ಬಿಟ್ಟು ಯಾರು ಬರುತ್ತಾರೆ ಹೇಳಿ? ನಾವು ಕಲಿಸಬಹುದಾದದ್ದು ಒಂದಿದೆ. ತಾನು ಬರೆದದ್ದನ್ನು ಗುರುತು ಪರಿಚಯ ಇಲ್ಲದವರ ಕಣ್ಣಿಂದ ಓದುವುದು. ಇಷ್ಟು ಬಂದರೆ ಉಳಿದದ್ದನ್ನು ಅವರೇ ತಿದ್ದಿಕೊಳ್ಳುತ್ತಾರೆ.

ಯಾಕೆ ಇದೇ ಮುಖ್ಯ ಅಂತೀನಿ ಅಂದರೆ, ಬರೆಯುವವರ ತಲೆಯಲ್ಲಿ ಪೂರ್ತಿ ಚಿತ್ರ ಇರುತ್ತದೆ. 'ಆ ದಿನವನ್ನು ಮರೆಯಲಾರೆ' ಎಂದು ಬರೆದಾಗ ಅವರಿಗೆ ಆ ದಿನದ ಬಿಸಿಲು, ಮಾತು, ವಾಸನೆ ಎಲ್ಲ ನೆನಪಾಗುತ್ತದೆ. ತುಂಬಾ ಚೆನ್ನಾಗಿ ಬರೆದೆ ಅನ್ನಿಸುತ್ತದೆ. ಓದುವವರ ಕೈಗೆ ಸಿಗುವುದು ಆ ಮೂರು ಪದ ಮಾತ್ರ. ಈ ಅಂತರ ಅವರ ಕಣ್ಣಿಗೆ ಬೀಳುವ ಹಾಗೆ ಮಾಡುವುದೇ ನಿಮ್ಮ ಕೆಲಸ. ಬ್ಲಾಗ್ ಬೇಕಾಗುವುದೂ ಇದಕ್ಕೇ. ಅಲ್ಲಿ ಓದುವವರ ಪಕ್ಕದಲ್ಲಿ ನಿಂತು 'ಇಲ್ಲ, ನಾನು ಹೇಳಿದ್ದು ಹಾಗಲ್ಲ' ಎಂದು ವಿವರಿಸಲು ಆಗುವುದಿಲ್ಲ, ಅಲ್ವಾ?

ನೀವು ಕಥೆಗಾರ್ತಿ ಅಲ್ಲ ಎಂಬ ಅಳುಕು ಬೇಡ. ಒಳ್ಳೆಯ ಕಥೆಗಾರರೆಲ್ಲ ಒಳ್ಳೆಯ ಮೇಷ್ಟ್ರಾಗುವುದಿಲ್ಲ. ಆದರೆ ಒಂದು ಷರತ್ತು. ನೀವು ಅವರಿಗೆ ಕೊಟ್ಟ ಅಭ್ಯಾಸವನ್ನು ಅವರ ಜೊತೆ ಕೂತು ನೀವೂ ಬರೆಯಬೇಕು. ಬರೆದದ್ದನ್ನು ಓದಿ ತೋರಿಸಬೇಕು. ಕರಡು ಸಪ್ಪೆಯಾಗಿದ್ದರೂ ಪರವಾಗಿಲ್ಲ, ಅದನ್ನೂ ಓದಿ. ಟೀಚರ್ ಬರೆದದ್ದೂ ಮೊದಲ ಸಲ ಹೀಗೇ ಇರುತ್ತೆ ಅಂತ ಗೊತ್ತಾದ ದಿನ ತರಗತಿಯ ಅರ್ಧ ಭಯ ಹೋಗುತ್ತದೆ.

ನಿಮ್ಮ ಎರಡನೇ ಪ್ರಶ್ನೆ, ತಿದ್ದುವುದರ ಬಗ್ಗೆ. ಇದರಲ್ಲಿ ನನಗೆ ಒಂದು ಹಳೆಯ ನೋವಿದೆ. ನಾನು ಕಲಿಸಲು ಶುರು ಮಾಡಿದ ಮೊದಲ ವರ್ಷ ಒಬ್ಬ ಹುಡುಗ ನಾಲ್ಕು ಪುಟ ಬರೆದು ತಂದ. ತಮ್ಮನ ಕಾಯಿಲೆಯ ಬಗ್ಗೆ. ನಾನು ರಾತ್ರಿ ಕೂತು ಕೆಂಪು ಪೆನ್ನಿನಲ್ಲಿ ಪ್ರತಿ ಸಾಲನ್ನೂ ತಿದ್ದಿದೆ. ಒತ್ತಕ್ಷರ, ವಿಭಕ್ತಿ, ಅಲ್ಪವಿರಾಮ, ಪದಗಳ ಆಯ್ಕೆ, ಒಂದನ್ನೂ ಬಿಡಲಿಲ್ಲ. ತುಂಬಾ ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಹಾಳೆ ವಾಪಸ್ ಕೊಟ್ಟಾಗ ಅವನು ಒಂದು ಸಲ ನೋಡಿ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಮುಂದಿನ ವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಅವನು ತಮ್ಮನ ಬಗ್ಗೆ ಹೇಳಿದ್ದ. ನಾನು ಒತ್ತಕ್ಷರದ ಬಗ್ಗೆ ಉತ್ತರ ಕೊಟ್ಟಿದ್ದೆ. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ನಿಮ್ಮದು. ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ. ಮೊದಲ ಐದಾರು ವಾರ ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹಾಗಾದರೆ ಏನು ಮಾಡಬೇಕು? ಹತ್ತು ಹನ್ನೆರಡು ಜನ ಸುತ್ತ ಕೂತು ಒಬ್ಬರ ಬರಹ ಓದಿ ಚರ್ಚಿಸುವ ಪದ್ಧತಿ ನಿಮಗೆ ಗೊತ್ತಿರಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದಿಂದ ಈ ಕ್ರಮ ಬೇರೆ ಕಡೆಗೂ ಹರಡಿತು. ಅದರಲ್ಲಿ ರೂಢಿಗೆ ಬಂದ ಒಂದು ನಿಯಮ, ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡಬಾರದು ಅನ್ನುವುದು. ಇದರಲ್ಲಿ ಒಂದು ಒಳ್ಳೆಯದಿದೆ. ಪುಟದಲ್ಲಿ ಇರುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೆಟ್ಟದ್ದೂ ಇದೆ. ಹೊಸಬರಿಗೆ ಅದು ವಿಚಾರಣೆಗೆ ನಿಂತ ಹಾಗೆ ಆಗುತ್ತದೆ. ಜೋರಾಗಿ ಮಾತಾಡುವ ಇಬ್ಬರ ರುಚಿಯೇ ತರಗತಿಯ ರುಚಿಯಾಗಿಬಿಡುತ್ತದೆ. ಹದಿನಾರರ ಹುಡುಗಿ ಅರವತ್ತರ ಹಿರಿಯರ ಎದುರು ಕೂತಿರುವ ನಿಮ್ಮ ಗುಂಪಿಗೆ ಇದನ್ನು ಇದ್ದ ಹಾಗೇ ತರಬೇಡಿ.

ನಾನು ಬಳಸುವುದು ಲಿಜ್ ಲರ್ಮನ್ ಎಂಬ ನೃತ್ಯ ಸಂಯೋಜಕಿ 1990ರಲ್ಲಿ ರೂಪಿಸಿದ ಕ್ರಮ. ನೃತ್ಯಕ್ಕೆಂದು ಮಾಡಿದ್ದು ಬರವಣಿಗೆಗೂ ಚೆನ್ನಾಗಿ ಒಗ್ಗುತ್ತದೆ. ಮೊದಲು, ಬರಹ ಕೇಳಿಸಿಕೊಂಡವರು ತಮ್ಮ ಮನಸ್ಸಿನಲ್ಲಿ ಏನು ಉಳಿಯಿತು, ಎಲ್ಲಿ ತಟ್ಟಿತು ಅನ್ನುವುದನ್ನಷ್ಟೇ ಹೇಳುತ್ತಾರೆ. ಆಮೇಲೆ ಬರೆದವರು ತಮಗಿರುವ ಅನುಮಾನ ಕೇಳುತ್ತಾರೆ. 'ಕೊನೆಯಲ್ಲಿ ಅವಳು ಯಾಕೆ ಹೋದಳು ಅಂತ ಗೊತ್ತಾಯ್ತಾ?' ಅನ್ನುವ ಥರದ್ದು. ಮೂರನೆಯದಾಗಿ, ಕೇಳಿಸಿಕೊಂಡವರು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಅಭಿಪ್ರಾಯ ಅಡಗಿರಬಾರದು. 'ಇಷ್ಟು ಉದ್ದ ಯಾಕೆ ಎಳೆದಿರಿ?' ಅಂದರೆ ಅದು ಬೈಗುಳ. 'ಓದುವವರು ಇಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂದುಕೊಂಡಿದ್ದೀರಿ?' ಅಂದರೆ ಪ್ರಶ್ನೆ. ಕೊನೆಗೆ 'ಭಾಷೆಯ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ?' ಎಂದು ಅನುಮತಿ ಕೇಳಿ, ಅವರು ಒಪ್ಪಿದರೆ ಹೇಳಬೇಕು. ಬೇಡ ಅನ್ನುವ ಹಕ್ಕು ಬರೆದವರಿಗಿದೆ. ಮೂರನೇ ಹಂತ ಕಷ್ಟ. ಎರಡು ಮೂರು ವಾರ ತಡವರಿಸುತ್ತಾರೆ. ಆದರೆ ಅಭಿಪ್ರಾಯವಿಲ್ಲದ ಪ್ರಶ್ನೆ ಕೇಳಲು ಕಲಿತವರು ತಮ್ಮ ಕರಡಿಗೂ ಅದೇ ಪ್ರಶ್ನೆ ಹಾಕುತ್ತಾರೆ. ನಮಗೆ ಬೇಕಾದದ್ದು ಅದೇ ತಾನೇ?

ಒಂದು ಉದಾಹರಣೆ ಕೊಡುತ್ತೇನೆ. ನನ್ನ ತರಗತಿಯ ಒಬ್ಬರು ಅಜ್ಜನ ಬಗ್ಗೆ ಹೀಗೆ ಬರೆದು ತಂದಿದ್ದರು:

'ನನ್ನ ಅಜ್ಜ ತುಂಬಾ ಪ್ರೀತಿಯ ಮನುಷ್ಯರಾಗಿದ್ದರು. ಅವರು ಸದಾ ನಮ್ಮ ಬಗ್ಗೆ ಕಾಳಜಿ ವಹಿಸುತ್ತಿದ್ದರು. ಅವರ ನೆನಪು ಇಂದಿಗೂ ನನ್ನ ಮನದಾಳದಲ್ಲಿ ಹಸಿರಾಗಿದೆ.'

ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಹತ್ತರಲ್ಲಿ ಎಂಟು ಅಂಕ ಸಿಗುವ ಪ್ಯಾರಾ. ಆದರೆ ಅಜ್ಜ ಎಲ್ಲಿದ್ದಾರೆ? ನಾನು ಒಂದೇ ಪ್ರಶ್ನೆ ಕೇಳಿದೆ. 'ಅವರಿಗೆ ನಿಮ್ಮ ಮೇಲೆ ಕಾಳಜಿ ಇತ್ತು ಅಂತ ನಿಮಗೆ ಹೇಗೆ ಗೊತ್ತಾಯಿತು?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಅವರು ಬೆಳಗಿನ ಜಾವ ಕೆಲಸಕ್ಕೆ ಹೋಗ್ತಿದ್ರು. ನಮಗೆ ಎಚ್ಚರ ಆಗಬಾರದು ಅಂತ ಬಾಗಿಲ ಚಿಲಕಕ್ಕೆ ಎಣ್ಣೆ ಬಿಡ್ತಿದ್ರು' ಅಂದರು. ಇಡೀ ತರಗತಿ ತಲೆ ಎತ್ತಿ ಅವರನ್ನು ನೋಡಿತು. ಮುಂದಿನ ವಾರ ಅವರು ತಂದದ್ದು ಇದು:

'ಅಜ್ಜ ಬೆಳಗಿನ ನಾಲ್ಕಕ್ಕೆ ಕೆಲಸಕ್ಕೆ ಹೊರಡುತ್ತಿದ್ದರು. ತಿಂಗಳಿಗೊಮ್ಮೆ ಬಾಗಿಲ ಚಿಲಕಕ್ಕೆ ಎಣ್ಣೆ ಬಿಡುವುದು ಅವರದೇ ಕೆಲಸ. ಬೇರೆ ಯಾವ ಬಾಗಿಲಿಗೂ ಬಿಟ್ಟಿದ್ದು ನೆನಪಿಲ್ಲ. ಅದೊಂದಕ್ಕೇ. ಅವರು ಹೋಗಿ ಎರಡು ತಿಂಗಳಾದ ಮೇಲೆ ಒಂದು ದಿನ ಚಿಲಕ ಕಿರುಗುಟ್ಟಿತು. ಮಲಗಿದ್ದ ಕೋಣೆಯಿಂದ ಎಲ್ಲರೂ ಎದ್ದು ಬಂದೆವು.'

ಪ್ರೀತಿ ಅನ್ನುವ ಪದವೇ ಇಲ್ಲಿಲ್ಲ, ನೋಡಿ. ಕಾಳಜಿಯೂ ಇಲ್ಲ. ಅವರು ಹೊಸದಾಗಿ ಏನನ್ನೂ ಕಲ್ಪಿಸಿಕೊಳ್ಳಲಿಲ್ಲ. ಗೊತ್ತಿದ್ದದ್ದನ್ನೇ ಬರೆದರು. ಮೊದಲ ಸಲ ಅದನ್ನು ಬರೆಯಬಹುದು ಅಂತಲೇ ಅವರಿಗೆ ಅನ್ನಿಸಿರಲಿಲ್ಲ. ಚಿಲಕ, ಎಣ್ಣೆ ಇಂಥವೆಲ್ಲ ಸಾಹಿತ್ಯಕ್ಕೆ ಸಲ್ಲದ ಸಣ್ಣ ಸಂಗತಿ ಅಂತ ನಾವೇ ಶಾಲೆಯಲ್ಲಿ ಅವರ ತಲೆಗೆ ತುಂಬಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ. 'ಹೇಳಬೇಡಿ, ತೋರಿಸಿ' ಎಂಬ ಸೂತ್ರವನ್ನು ಗೋಡೆಗೆ ಅಂಟಿಸಬೇಡಿ. ಎಲ್ಲವನ್ನೂ ತೋರಿಸುತ್ತಾ ಹೋದರೆ ಬರಹ ಮುಂದಕ್ಕೇ ಹೋಗುವುದಿಲ್ಲ. 'ಹೀಗೇ ಮೂರು ವರ್ಷ ಕಳೆಯಿತು' ಎಂದು ಸುಮ್ನೆ ಹೇಳಿ ದಾಟಬೇಕಾದ ಜಾಗಗಳೂ ಇರುತ್ತವೆ. ಯಾವುದು ಭಾರ ಹೊರಬೇಕೋ ಅದನ್ನು ತೋರಿಸಿದರೆ ಸಾಕು.

ಭಾಷೆಯ ಶಿಕ್ಷಕಿಯಾಗಿ ನಿಮ್ಮಿಂದ ಆಗುವ, ಬೇರೆಯವರಿಂದ ಆಗದ ಒಂದು ಕೆಲಸವಿದೆ. ಅದು ಪ್ರಬಂಧದ ಕನ್ನಡವನ್ನು ಬಿಡಿಸುವುದು. 'ಪ್ರಕೃತಿಯ ಮಡಿಲಲ್ಲಿ', 'ಕಣ್ಮನ ತಣಿಸುವ', 'ನೆನಪಿನ ಬುತ್ತಿ', 'ಬದುಕಿನ ಪಯಣ' ಇವು ಯಾರೋ ಒಬ್ಬರು ಮೊದಲ ಸಲ ಬರೆದಾಗ ಹೊಸದಾಗಿದ್ದವು. ಈಗ ಓದುವವರ ಕಣ್ಣು ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ತೆಗೆದುಹಾಕಿ ಅಂತ ಹೇಳಬೇಡಿ. 'ಇದನ್ನೇ ಫೋನಿನಲ್ಲಿ ನಿಮ್ಮ ತಂಗಿಗೆ ಹೇಗೆ ಹೇಳ್ತೀರಿ?' ಎಂದು ಕೇಳಿ. ಬಾಯಲ್ಲಿ ಬಂದದ್ದನ್ನು ಹಾಗೇ ಬರೆಸಿ. ಬರಹದ ಕನ್ನಡ ಯಾವುದು, ಮಾತಿನ ಕನ್ನಡ ಎಷ್ಟು ಬರಬೇಕು ಅನ್ನುವುದನ್ನು ಆಮೇಲೆ ಕೂತು ನಿರ್ಧರಿಸಬಹುದು. ನಿರೂಪಣೆಯಲ್ಲಿ 'ಬರುತ್ತೇನೆ ಎಂದಳು' ಎಂದಿದ್ದರೂ, ಉದ್ಧರಣ ಚಿಹ್ನೆಯ ಒಳಗೆ 'ಬರ್ತೀನಿ' ಅಂತಲೇ ಇರಲಿ. ಮೂರು ವರ್ಷದ ಮಗು 'ನಾನು ಬರುವುದಿಲ್ಲ' ಎಂದರೆ ಆ ಮಗುವನ್ನು ಯಾರೂ ನಂಬುವುದಿಲ್ಲ.

ನಮ್ಮ ಭಾಷೆಯ ಜಾಯಮಾನಕ್ಕೇ ಸೇರಿದ ಇನ್ನೂ ಎರಡು ಮೂರು ಸಂಗತಿ ಇವೆ. ಇವನ್ನು ತರಗತಿಯಲ್ಲಿ ಅಗತ್ಯವಾಗಿ ಮಾಡಿಸಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಹಾಗಾಗಿ ಹಳೆಯ ನೆನಪು ಬರೆಯುವಾಗ ಪ್ರತಿ ವಾಕ್ಯವೂ 'ಇದ್ದರು', 'ಮಾಡುತ್ತಿದ್ದರು', 'ಹೇಳುತ್ತಿದ್ದರು' ಎಂದೇ ಮುಗಿಯುತ್ತದೆ. ಓದುತ್ತಾ ಹೋದರೆ ಒಂದೇ ಸಮನೆ ತಾಳ ಹಾಕಿದಂತೆ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಅಡಿಗೆರೆ ಹಾಕಿ, ಆ ಪದಗಳನ್ನಷ್ಟೇ ಗಟ್ಟಿಯಾಗಿ ಓದಲು ಹೇಳಿ. ಅವರಿಗೇ ನಗು ಬರುತ್ತದೆ. ಆಮೇಲೆ ಒಂದು ವಾಕ್ಯ ಕ್ರಿಯಾಪದವಿಲ್ಲದೆ ನಿಲ್ಲುತ್ತದೆ, ಇನ್ನೊಂದು ಪ್ರಶ್ನೆಯಾಗುತ್ತದೆ, ಮತ್ತೊಂದು 'ಎದ್ದು, ದೀಪ ಹಾಕಿ, ಗಡಿಯಾರ ನೋಡಿ' ಎಂದು ಬೇರೆ ವಾಕ್ಯದ ಜೊತೆ ಕೂಡಿಕೊಳ್ಳುತ್ತದೆ.

ಎರಡನೆಯದು 'ನಾನು'. 'ಹೋದೆ' ಅಂದರೆ ಯಾರು ಹೋದದ್ದು ಅಂತ ಆ ಪದವೇ ಹೇಳುತ್ತದೆ. ಆದರೂ ಹೊಸಬರು ನಾನು ಹೋದೆ, ನಾನು ನೋಡಿದೆ, ನಾನು ಕೇಳಿದೆ ಅಂತಲೇ ಬರೆಯುತ್ತಾರೆ. ಬ್ಲಾಗಿನಲ್ಲಂತೂ ಎಲ್ಲವೂ ಸ್ವಂತ ಅನುಭವ. ಹಾಗಾಗಿ ಇದು ಜಾಸ್ತಿ. ಒಂದು ಪುಟದಲ್ಲಿ ಎಷ್ಟು 'ನಾನು' ಇವೆ ಎಣಿಸಿ, ಅರ್ಧಕ್ಕಿಂತ ಹೆಚ್ಚು ತೆಗೆಯಲು ಹೇಳಿ. ಅರ್ಥ ಕೆಡುವುದಿಲ್ಲ, ಉಸಿರಾಟ ಸರಾಗವಾಗುತ್ತದೆ. ಹಾಗೇ 'ಒಂದು ಸುಂದರವಾದ ಮನೆ', 'ಒಂದು ದೊಡ್ಡ ಮರ' ಎಂಬ ಕಡೆ ಆ 'ಒಂದು' ಬೇಕಾ ನೋಡಿ. ಎರಡಿದ್ದಾವೇನೋ ಅಂತ ಯಾರಿಗೂ ಅನುಮಾನ ಬರದಿದ್ದರೆ ತೆಗೆದುಬಿಡಬಹುದು. 'ನಿರ್ಧರಿಸಲ್ಪಟ್ಟಿತು' ಎಂಬಂಥದ್ದು ಕಂಡರೆ ನಿರ್ಧರಿಸಿದ್ದು ಯಾರು ಎಂದು ಕೇಳಿ. ಉತ್ತರ ಬಂದ ಕೂಡಲೇ ವಾಕ್ಯ ತಾನಾಗಿ ಸರಿಹೋಗುತ್ತದೆ.

ತರಗತಿಯ ಸಮಯ ಒಂದೂವರೆ ಗಂಟೆ ಅಂತಿಟ್ಟುಕೊಳ್ಳಿ. ಮೊದಲ ಹತ್ತು ನಿಮಿಷ ನಿಲ್ಲಿಸದೆ ಬರೆಯುವುದು. ಪೆನ್ನು ಎತ್ತಬಾರದು, ತಿದ್ದಬಾರದು, ಏನೂ ಹೊಳೆಯದಿದ್ದರೆ 'ಏನೂ ಹೊಳೆಯುತ್ತಿಲ್ಲ' ಅಂತಲೇ ಬರೆಯಬೇಕು. ಅಮೆರಿಕದ ಪೀಟರ್ ಎಲ್ಬೋ ಎಂಬ ಅಧ್ಯಾಪಕರು 1970ರ ದಶಕದಲ್ಲಿ ಇದನ್ನು ಬಹಳ ಜನಪ್ರಿಯ ಮಾಡಿದರು. ಅವರ ಕಾರಣ ಸರಳ. ಬರೆಯುವ ಕೈ ಮತ್ತು ತಪ್ಪು ಹುಡುಕುವ ಕಣ್ಣು ಎರಡೂ ಒಟ್ಟಿಗೆ ಕೆಲಸ ಮಾಡಿದರೆ ಒಂದು ಇನ್ನೊಂದರ ಕಾಲು ಹಿಡಿದು ಎಳೆಯುತ್ತದೆ. ಆ ಹತ್ತು ನಿಮಿಷದ ಹಾಳೆಯನ್ನು ನೀವು ನೋಡಬೇಡಿ, ಕೇಳಲೂ ಬೇಡಿ. ಅದು ಅವರದ್ದು. ಆಮೇಲೆ ಒಂದು ಪುಟ್ಟ ಮಾದರಿ ಬರಹ ಓದಿ, ಅದು ಹೇಗೆ ಕಟ್ಟಿದೆ ಎಂದು ಮಾತಾಡಿ. 'ಕವಿಯ ಆಶಯವೇನು' ಅನ್ನುವ ಪ್ರಶ್ನೆ ಬೇಡ. 'ಮೊದಲ ವಾಕ್ಯ ಓದಿದ ಮೇಲೆ ನಿಮಗೆ ಏನು ತಿಳಿದುಕೊಳ್ಳಬೇಕು ಅನ್ನಿಸಿತು?' ಅಂತ ಕೇಳಿದರೆ ಸಾಕು. ಉಳಿದ ಸಮಯದಲ್ಲಿ ಅರ್ಧ ಬರೆಯಲು, ಅರ್ಧ ಇಬ್ಬರ ಬರಹಗಳ ಮೇಲೆ ಮಾತಾಡಲು. ಹನ್ನೆರಡೂ ಜನರದ್ದನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ದಿನಕ್ಕೆ ಇಬ್ಬರು. ಅಂಕ ಬೇಡವೇ ಬೇಡ.

ಅಭ್ಯಾಸದ ವಿಷಯ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. 'ತಾಯಿ' ಎಂದು ಕೊಟ್ಟರೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. 'ನಿಮ್ಮ ತಾಯಿ ಇಟ್ಟುಕೊಂಡಿದ್ದ, ಯಾರಿಗೂ ಬಿಸಾಡಲು ಬಿಡದ ಒಂದು ವಸ್ತು' ಎಂದು ಕೊಟ್ಟರೆ ಹನ್ನೆರಡು ಬೇರೆ ಬೇರೆ ಬರಹ ಬರುತ್ತದೆ. ಇದಕ್ಕೆ ಈಗ ಇನ್ನೊಂದು ಲಾಭವೂ ಇದೆ. ತಾಯಿಯ ಬಗ್ಗೆ ಎಐ ಚಾಟ್‌ಬಾಟ್ ಒಂದು ಕ್ಷಣದಲ್ಲಿ ಬರೆದುಕೊಡುತ್ತದೆ. ಆ ವಸ್ತು ಯಾವುದು, ಯಾವ ಡಬ್ಬಿಯಲ್ಲಿತ್ತು ಅಂತ ಅದಕ್ಕೆ ಗೊತ್ತಿಲ್ಲ. ಯಾರಾದರೂ ಚಾಟ್‌ಬಾಟ್‌ನಿಂದ ಬರೆಸಿ ತಂದರೆ ಬೈಯಬೇಡಿ. ಪುಟ ಮುಚ್ಚಿಟ್ಟು, ಅದರಲ್ಲಿರುವ ಒಂದು ಸಂಗತಿಯನ್ನು ಬಾಯಲ್ಲಿ ವಿವರವಾಗಿ ಹೇಳಲು ಕೇಳಿ. ಹೇಳುತ್ತಾ ಹೋದಂತೆ ಅವರ ನಿಜವಾದ ಬರಹ ಅಲ್ಲೇ ಶುರುವಾಗುತ್ತದೆ.

ಈಗ ಬ್ಲಾಗ್. ಎಲ್ಲರಿಗೂ ಆಸೆ ಇದೆ ಅಂದಿರಿ. ಆದರೂ ಮೊದಲ ವಾರವೇ ತೆರೆಸಬೇಡಿ. ತೆರೆಸಿದರೆ ಏನಾಗುತ್ತದೆ ಹೇಳ್ತೀನಿ. ಮೂರು ವಾರ ಹೆಸರು, ಬಣ್ಣ, ಥೀಮ್ ಆರಿಸುವುದರಲ್ಲೇ ಹೋಗುತ್ತದೆ. ಒಂದು ಬರಹ ಹಾಕುತ್ತಾರೆ. 'ನಮಸ್ಕಾರ, ಇದು ನನ್ನ ಮೊದಲ ಬ್ಲಾಗ್' ಎಂದು. ಎರಡನೆಯದು ಬರುವುದೇ ಇಲ್ಲ. ಪ್ರತಿಯೊಬ್ಬರ ಕೈಯಲ್ಲೂ ಎರಡು ಸಲ ತಿದ್ದಿ ಬರೆದ ಮೂರು ಬರಹ ಇದ್ದಾಗ, ಅಂದರೆ ಸುಮಾರು ಆರನೇ ವಾರ, ಬ್ಲಾಗ್ ತೆರೆಯಿರಿ. ಒಂದು ಹಾಕಿದ ಮೇಲೆ ಇನ್ನೆರಡು ಕೈಯಲ್ಲಿ ಉಳಿದಿರುತ್ತವೆ. ಆ ಧೈರ್ಯ ದೊಡ್ಡದು.

ನೀವು ಮಾತ್ರ ಅಷ್ಟು ಕಾಯಬಾರದು. ಈ ವಾರವೇ ನಿಮ್ಮದೊಂದು ಬ್ಲಾಗ್ ತೆರೆದು ಒಂದು ಬರಹ ಹಾಕಿ. ಪಬ್ಲಿಷ್ ಬಟನ್ ಒತ್ತುವ ಮುಂಚೆ ಕೈ ಹೇಗೆ ಹಿಂಜರಿಯುತ್ತದೆ ಅನ್ನುವುದು ಒತ್ತಿದವರಿಗೇ ಗೊತ್ತು. ಅದು ಗೊತ್ತಿಲ್ಲದವರು ಇನ್ನೊಬ್ಬರಿಗೆ 'ಏನಾಗಲ್ಲ, ಹಾಕಿ' ಎನ್ನಬಾರದು. ಬ್ಲಾಗ್ ಮಾಡಿಕೊಡುವ ತಾಣಗಳಲ್ಲಿ 1999ರಲ್ಲಿ ಬಂದ ಬ್ಲಾಗರ್, 2003ರಲ್ಲಿ ಬಂದ ವರ್ಡ್‌ಪ್ರೆಸ್ ಎರಡೂ ಇವತ್ತಿಗೂ ಚಾಲ್ತಿಯಲ್ಲಿವೆ. ದುಡ್ಡು ಕೊಡದೆ ಶುರು ಮಾಡಬಹುದು. ನಿಮಗೊಬ್ಬರಿಗೇ ಆದರೆ ಯಾವುದಾದರೂ ಸರಿ. ತರಗತಿಗೆ ಆದರೆ ನನ್ನ ಮತ ವರ್ಡ್‌ಪ್ರೆಸ್‌ಗೆ. ಕಾರಣ ಇದೆ. ಅಲ್ಲಿ ಒಂದೇ ಬ್ಲಾಗಿಗೆ ಹಲವರನ್ನು ಸೇರಿಸಿ, ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಡಬಹುದು. ಹನ್ನೆರಡು ಜನರಿಗೂ 'ಕಾಂಟ್ರಿಬ್ಯೂಟರ್' ಪಾತ್ರ ಕೊಡಿ. ಅವರು ತಮ್ಮ ಬರಹ ಬರೆಯಬಹುದು, ತಿದ್ದಬಹುದು, ಪರಿಶೀಲನೆಗೆ ಕಳಿಸಬಹುದು. ಪ್ರಕಟಿಸಲು ಆಗುವುದಿಲ್ಲ. ಪ್ರಕಟಿಸುವುದು ನಿಮ್ಮ ಕೈಯಲ್ಲಿರುತ್ತದೆ. ಅವಸರದಲ್ಲಿ ಒತ್ತಿ ಆಮೇಲೆ ಪರದಾಡುವುದು ತಪ್ಪುತ್ತದೆ. ಈ ಪಾತ್ರದವರು ಫೋಟೋ ಏರಿಸಲೂ ಆಗುವುದಿಲ್ಲ, ಅದನ್ನು ನೀವೇ ಸೇರಿಸಬೇಕಾಗುತ್ತದೆ. ಮೂರ್ನಾಲ್ಕು ತಿಂಗಳು ಹೀಗೆ ಒಂದೇ ಮನೆಯಲ್ಲಿ ಬರೆಯಲಿ. ಆಮೇಲೆ ಬೇಕಾದವರು ತಮ್ಮದೇ ಬ್ಲಾಗ್ ಮಾಡಿಕೊಳ್ಳುತ್ತಾರೆ.

ಮೊದಲ ಪೋಸ್ಟ್ ಏನಿರಬೇಕು? ಸ್ವಪರಿಚಯ ಬೇಡ. ಬ್ಲಾಗ್ ಎಂಬ ಪದದ ಹುಟ್ಟನ್ನು ಒಮ್ಮೆ ನೋಡಿ. 1997ರ ಡಿಸೆಂಬರ್‌ನಲ್ಲಿ ಜಾರ್ನ್ ಬಾರ್ಗರ್ ಎಂಬವರು ತಾವು ಇಂಟರ್‌ನೆಟ್‌ನಲ್ಲಿ ಓದಿದ್ದರ ಪಟ್ಟಿ ಇಡುತ್ತಿದ್ದ ಪುಟಕ್ಕೆ 'ವೆಬ್‌ಲಾಗ್' ಎಂದು ಹೆಸರಿಟ್ಟರು. 1999ರಲ್ಲಿ ಪೀಟರ್ ಮರ್ಹೋಲ್ಜ್ ಆ ಪದವನ್ನು ಒಡೆದು 'ವಿ ಬ್ಲಾಗ್' (ನಾವು ಬ್ಲಾಗ್ ಮಾಡುತ್ತೇವೆ) ಎಂದು ಬರೆದ ಮೇಲೆ ಚಿಕ್ಕ ರೂಪ ನಿಂತಿತು. ಅಂದರೆ ಶುರುವಿನಲ್ಲಿ ಬ್ಲಾಗ್ ಎಂದರೆ 'ಇಗೋ, ಇಲ್ಲಿ ನೋಡಿ' ಎಂದು ಬೆರಳು ತೋರಿಸುವುದು. ನಾಚಿಕೆಯ ಮನುಷ್ಯರಿಗೆ ಇದು ಎಷ್ಟು ಅನುಕೂಲ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ತಮ್ಮ ಬಗ್ಗೆ ಬರೆಯಿರಿ ಅಂದರೆ ಮುದುಡುವವರು, ತಾವು ನೋಡಿದ ಯಾವುದೋ ಒಂದನ್ನು ತೋರಿಸಿ ಅಂದರೆ ಉತ್ಸಾಹದಿಂದ ಬರೆಯುತ್ತಾರೆ. ಹಾಗೆ ಬರೆದದ್ದರಲ್ಲಿ ಅವರೂ ಇದ್ದೇ ಇರುತ್ತಾರೆ.

ತಲೆಬರಹದ ಬಗ್ಗೆ ಜಗಳ ಆಡಿಯಾದರೂ ಸರಿ, ಒಪ್ಪಿಸಿ. 'ನನ್ನ ಮನದ ಮಾತು' ಎಂದು ಸಾವಿರ ಬರಹ ಇವೆ. ಆ ಅಜ್ಜನ ಬರಹಕ್ಕೆ ಮೊದಲು ಇಟ್ಟಿದ್ದು 'ಮರೆಯಲಾಗದ ನೆನಪು'. ಕೊನೆಗೆ ಆದದ್ದು 'ಒಂದೇ ಬಾಗಿಲಿಗೆ ಎಣ್ಣೆ'. ಯಾವುದನ್ನು ತೆರೆದು ಓದುತ್ತೀರಿ? ಮೊದಲ ಎರಡು ಸಾಲಿಗೂ ಇದೇ ಮಾತು. ಬರಹದ ಲಿಂಕ್ ಹಂಚಿದಾಗ ಸಾಮಾನ್ಯವಾಗಿ ತಲೆಬರಹವೂ ಶುರುವಿನ ಒಂದೆರಡು ಸಾಲೂ ಕಾಣುತ್ತವೆ. ಅಲ್ಲಿ 'ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದೆ, ಸಮಯವೇ ಸಿಗಲಿಲ್ಲ' ಎಂದಿದ್ದರೆ ಓದುವವರೂ ಸಮಯವಿಲ್ಲ ಎಂದು ಮುಂದೆ ಹೋಗುತ್ತಾರೆ. ಕರಡಿನ ಮೊದಲ ಪ್ಯಾರಾಕ್ಕೆ ಕೈ ಅಡ್ಡ ಇಟ್ಟು ಎರಡನೆಯದರಿಂದ ಓದಿಸಿ. ತುಂಬಾ ಸಲ ಬರಹ ನಿಜಕ್ಕೂ ಶುರುವಾಗುವುದು ಅಲ್ಲಿಂದ.

ಲಿಂಕ್ ಬಗ್ಗೆ ಒಂದು ಸಣ್ಣ ವಿಷಯ, ಕನ್ನಡದಂಥ ಲಿಪಿಗಳಲ್ಲಿ ಬರೆಯುವವರಿಗೆ ತಟ್ಟುವಂಥದ್ದು. ತಲೆಬರಹ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಅದನ್ನೇ ಲಿಂಕಿಗೂ ಹಾಕುತ್ತದೆ. ಅದನ್ನು ಕಾಪಿ ಮಾಡಿ ಕಳಿಸಿದಾಗ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗುತ್ತವೆ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿಯ ಲೆಕ್ಕದಲ್ಲಿ 'ಚಿಲಕ' ಅಂದರೆ ನಾಲ್ಕು ಘಟಕ, ಗುಡಿಸೂ ಒಂದು ಘಟಕ. ಒಂದೊಂದಕ್ಕೆ 9 ಚಿಹ್ನೆ. ಮೂರಕ್ಷರದ ಪದ 36 ಚಿಹ್ನೆಯಾಗಿಬಿಡುತ್ತದೆ. ಆ ಉದ್ದದ ಲಿಂಕ್ ನೋಡಿ ವೈರಸ್ ಅಂದುಕೊಂಡು ತೆರೆಯದವರನ್ನು ಕಂಡಿದ್ದೇನೆ. ಪ್ರಕಟಿಸುವ ಮುಂಚೆಯೇ ಲಿಂಕಿನ ಜಾಗದಲ್ಲಿ ಎರಡು ಮೂರು ಪದ ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ. ಟೈಪಿಂಗ್ ಯಾವ ಕೀಬೋರ್ಡಿನಲ್ಲಾದರೂ ಆಗಲಿ, ಯೂನಿಕೋಡ್‌ನಲ್ಲೇ ಇರಲಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಟೈಪ್ ಮಾಡಲು ಕಷ್ಟಪಡುವ ಹಿರಿಯರಿಗೆ ಫೋನಿನ ಧ್ವನಿ ಟೈಪಿಂಗ್ ತೋರಿಸಿಕೊಡಿ. ಅವರು ಹೇಳಿದ್ದು ಹೇಳಿದ ಹಾಗೇ ಮೂಡುವುದರಿಂದ ಪ್ರಬಂಧದ ಕನ್ನಡದ ಕಾಟವೂ ಕಡಿಮೆ.

ಫೋಟೋ ತಾವೇ ತೆಗೆದದ್ದಾಗಿರಲಿ. ಗೂಗಲ್‌ನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಎಲ್ಲರದ್ದೂ ಆಗುವುದಿಲ್ಲ. ಬೇರೆಯವರದ್ದು ಬೇಕೇ ಬೇಕು ಅಂದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಷರತ್ತಿನ ಮೇಲೆ ಬೇರೆಯವರೂ ಬಳಸಬಹುದು ಎಂಬ ಅನುಮತಿ, ಇರುವ ಚಿತ್ರ ಹುಡುಕಿ. ಅದರ ಷರತ್ತು ಓದಿ, ತೆಗೆದವರ ಹೆಸರು, ಪರವಾನಗಿ ಎರಡನ್ನೂ ಕೆಳಗೆ ಹಾಕಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಬೇಕಾದದ್ದು ಇನ್ನೊಂದಿದೆ, ಬದುಕಿರುವವರ ಬಗ್ಗೆ ಬರೆಯುವುದು. ನನ್ನ ತರಗತಿಯ ಒಬ್ಬರು ಅಕ್ಕನ ಮದುವೆ ಮುರಿದದ್ದರ ಬಗ್ಗೆ ಬರೆದರು. ಅಷ್ಟು ಒಳ್ಳೆಯ ಬರಹ ಆ ವರ್ಷ ಇನ್ನೊಂದು ಬಂದಿರಲಿಲ್ಲ. ಹೆಸರು ಹಾಕಿರಲಿಲ್ಲ. ನಾವೆಲ್ಲ ಮೆಚ್ಚಿದೆವು, ಅವರು ಪ್ರಕಟಿಸಿದರು. ನಾಲ್ಕೇ ದಿನದಲ್ಲಿ ಅದು ನೆಂಟರ ಗುಂಪಿನಲ್ಲಿ ಹರಿದಾಡಿತು. ಅಕ್ಕನಿಗೆ ಆದ ನೋವನ್ನು ಹೇಳಲಾರೆ. ಬರಹ ತೆಗೆದುಹಾಕಿದರೂ ಪ್ರಯೋಜನವಾಗಲಿಲ್ಲ, ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿದ್ದರು. 'ಅಕ್ಕನಿಗೆ ತೋರಿಸಿದ್ದೀರಾ?' ಎಂಬ ಪ್ರಶ್ನೆಯನ್ನು ನಾನು ಕೇಳಬೇಕಿತ್ತು. ಕೇಳಿರಲಿಲ್ಲ. ಅವತ್ತಿನಿಂದ ಪ್ರಕಟಿಸುವ ಮುಂಚೆ ಆ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತೇನೆ. ಬರೆಯುವುದಕ್ಕೆ ಯಾರ ಅನುಮತಿಯೂ ಬೇಡ, ನಿಮ್ಮ ನೋಟ್‌ಬುಕ್ಕಿನಲ್ಲಿ ಏನು ಬೇಕಾದರೂ ಇರಲಿ. ಪ್ರಕಟಿಸುವುದು ಬೇರೆ. ಹದಿನಾರರ ಆ ಹುಡುಗಿಯ ವಿಷಯದಲ್ಲಿ ಇನ್ನೂ ಜೋಪಾನ. ಅಪ್ಪ ಅಮ್ಮನ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಪೂರ್ತಿ ಹೆಸರು, ಶಾಲೆ, ದಿನಾ ಓಡಾಡುವ ದಾರಿ, ಸಮವಸ್ತ್ರದ ಫೋಟೋ ಇವು ಯಾವುದೂ ಬೇಡ.

ಕಾಮೆಂಟ್‌ಗಳನ್ನು ನೀವು ನೋಡಿ ಒಪ್ಪಿದ ಮೇಲೆ ಕಾಣುವ ಹಾಗೆ ಇಟ್ಟುಕೊಳ್ಳಿ. ಎಷ್ಟು ಜನ ನೋಡಿದರು ಎಂಬ ಅಂಕಿ ಅಂಶದ ಪುಟವನ್ನು ಮೊದಲ ಮೂರು ತಿಂಗಳು ತೆರೆಯಬೇಡಿ ಅಂತ ಹೇಳಿ. ಏಳು ಜನ ಓದಿದರು ಎಂದು ಬೇಸರ ಮಾಡಿಕೊಂಡವರಿಗೆ ನಾನು ಹೇಳುವುದು, ನಿಮ್ಮ ತರಗತಿಯಲ್ಲಿ ಏಳು ಜನ ಕಣ್ಣೆತ್ತಿ ಕೇಳಿದರೆ ಎಷ್ಟು ಖುಷಿಯಾಗುತ್ತಿತ್ತು ನೆನಪಿಸಿಕೊಳ್ಳಿ ಎಂದು. ವಾರಕ್ಕೆ ಮೂರು ಬರಹ ಎಂದು ಶಪಥ ಮಾಡಿದವರು ತಿಂಗಳೊಳಗೆ ನಿಲ್ಲಿಸುತ್ತಾರೆ. ಹದಿನೈದು ದಿನಕ್ಕೊಂದು ಸಾಕು. ಒಂದು ವಾರ ಬರೆಯಲು, ಒಂದು ವಾರ ತಿದ್ದಲು.

ಮೊದಲ ದಿನಕ್ಕೆ ಇಷ್ಟು ಮಾಡಿ. ಕುರ್ಚಿಗಳನ್ನು ಸಾಲಾಗಿ ಇಡಬೇಡಿ, ಸುತ್ತ ಹಾಕಿಸಿ. ನಿಮ್ಮದೂ ಒಂದು ಅದರಲ್ಲೇ ಇರಲಿ. ಪರಿಚಯದ ಭಾಷಣ ಇಲ್ಲದೆ ಹತ್ತು ನಿಮಿಷ ಬರೆಸಿ, ನೀವೂ ಬರೆಯಿರಿ. ವಿಷಯ: ನಿಮ್ಮ ಮನೆಯಲ್ಲಿ ಸದ್ದು ಮಾಡುವ ಒಂದು ವಸ್ತು. ಓದಲು ಯಾರನ್ನೂ ಒತ್ತಾಯಿಸಬೇಡಿ, ಮೊದಲು ನೀವು ಓದಿ. ಓದಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೆ ಗಾಬರಿಯಾಗಿ ಏನನ್ನೂ ತುಂಬಲು ಹೋಗಬೇಡಿ. ಕಾಯಿರಿ. ಯಾರೋ ಒಬ್ಬರು ತಮ್ಮ ಹಾಳೆ ಕೈಗೆತ್ತಿಕೊಳ್ಳುತ್ತಾರೆ.